ವಿದ್ಯುತ್ ಕಾರು ಮತ್ತು ಮನೆಯ ಕರೆಂಟಿನ ಆಯ್ಕೆ



ನಿಮ್ಮ ಮನೆಯ ವಿದ್ಯುತ್ ಬಿಲ್ಲಿನ ಮೇಲೆ ಯಾರ ಹೆಸರಿದೆ ಎಂದು ನೋಡಿದ್ದೀರಾ? ಬೆಂಗಳೂರಿನವರಾದರೆ ಬೆಸ್ಕಾಂ, ಹುಬ್ಬಳ್ಳಿಯವರಾದರೆ ಹೆಸ್ಕಾಂ, ಮಂಗಳೂರಿನವರಾದರೆ ಮೆಸ್ಕಾಂ, ಕಲಬುರಗಿಯವರಾದರೆ ಜೆಸ್ಕಾಂ, ಮೈಸೂರಿನವರಾದರೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ. ಬೆಳಗಾವಿ ಜಿಲ್ಲೆಯ ಹುಕ್ಕೇರಿ ಕಡೆಯವರಾದರೆ ಅಲ್ಲಿನ ಗ್ರಾಮೀಣ ವಿದ್ಯುತ್ ಸಹಕಾರ ಸಂಘ. ಈ ಹೆಸರನ್ನು ನಿಮ್ಮ ಮನೆಯವರು ಯಾರೂ ಆರಿಸಿದ್ದಲ್ಲ. ಮನೆ ಯಾವ ಊರಿನಲ್ಲಿದೆಯೋ ಆ ಊರಿನ ಸಂಸ್ಥೆಯೇ ಕರೆಂಟು ಕೊಡುತ್ತದೆ.

ಬ್ರಿಟನ್ನಿನಲ್ಲಿ ಹಾಗಿಲ್ಲ. ಒಂದೇ ಬೀದಿಯಲ್ಲಿ ಅಕ್ಕಪಕ್ಕದ ಮೂರು ಮನೆಗಳು ಮೂರು ಬೇರೆ ಬೇರೆ ಕಂಪನಿಗಳಿಂದ ಕರೆಂಟು ಕೊಳ್ಳಬಹುದು. ಅದರಲ್ಲೂ ಮನೆಯಲ್ಲಿ ವಿದ್ಯುತ್ ಕಾರು ಇದ್ದವರಿಗೆ ಯಾವ ಕಂಪನಿ, ಯಾವ ದರ ಎಂಬುದು ವರ್ಷಕ್ಕೆ ಕೆಲವು ನೂರು ಪೌಂಡುಗಳ ಪ್ರಶ್ನೆ. ಈ ಆಯ್ಕೆ ಹೇಗೆ ನಡೆಯುತ್ತದೆ, ಅದರಲ್ಲಿ ಲಾಭ ಯಾರಿಗೆ, ತೊಡಕು ಎಲ್ಲಿ ಎಂಬುದನ್ನು ಇಂದು ವಿಚಾರ ಮಾಡೋಣ. ನಮಗೆ ಇದು ಬರಿಯ ದೂರದ ಸುದ್ದಿಯಲ್ಲ. ಲಂಡನ್ನಿನ ಬೀದಿಗಳಲ್ಲಿ ಈ ಶತಮಾನದ ಆರಂಭದಲ್ಲಿ ಓಡಾಡಿದ ಪುಟ್ಟ ವಿದ್ಯುತ್ ಕಾರು ನಮ್ಮ ಬೆಂಗಳೂರಿನಲ್ಲಿ ತಯಾರಾದದ್ದು. 2001ರಲ್ಲಿ ಇಲ್ಲಿ ಮಾರಾಟಕ್ಕೆ ಬಂದ ರೇವಾ ಕಾರನ್ನು 2004ರಿಂದ ಅಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ ಮಾರಿದರು. ಸೀಸ ಮತ್ತು ಆಮ್ಲದ ಬ್ಯಾಟರಿ, ಎರಡು ಬಾಗಿಲು, ಮನೆಯ ಮಾಮೂಲಿ ಪ್ಲಗ್ಗಿಗೆ ಸಿಕ್ಕಿಸಿದರೆ ಸಾಕು. ಬ್ಯಾಟರಿ ತುಂಬಲು ಹತ್ತು ಯೂನಿಟ್ ಆಸುಪಾಸಿನ ಕರೆಂಟು ಬೇಕಾಗುತ್ತಿತ್ತು. ಆಗ ಕರೆಂಟಿನ ಕಂಪನಿಯ ಆಯ್ಕೆ ಯಾರಿಗೂ ದೊಡ್ಡ ಯೋಚನೆಯಾಗಿರಲಿಲ್ಲ. ಇಂದಿನ ಕಾರುಗಳ ಬ್ಯಾಟರಿ ಐವತ್ತು, ಅರವತ್ತು ಯೂನಿಟ್ ಹಿಡಿಯುತ್ತದೆ. ಲೆಕ್ಕ ಬದಲಾದದ್ದು ಅಲ್ಲಿಂದ.

ಮೊದಲು ಒಂದು ಸಂದೇಹವನ್ನು ಬಗೆಹರಿಸಿಕೊಳ್ಳೋಣ. ಮೂರು ಮನೆಗೆ ಮೂರು ಕಂಪನಿ ಎಂದರೆ ಬೀದಿಯಲ್ಲಿ ಮೂರು ಸಾಲು ತಂತಿ ಎಳೆದಿರುತ್ತಾರೆಯೇ? ಇಲ್ಲ. ತಂತಿ ಒಂದೇ, ಟ್ರಾನ್ಸ್‌ಫಾರ್ಮರ್ ಒಂದೇ. ಆ ತಂತಿಗಳನ್ನು ನೋಡಿಕೊಳ್ಳುವ ಕಂಪನಿಗಳೇ ಬೇರೆ. ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್ ಸೇರಿ ಇಂಥ ಹದಿನಾಲ್ಕು ವಲಯಗಳಿವೆ. ಒಂದು ವಲಯದಲ್ಲಿ ತಂತಿಯ ಒಡೆತನ ಒಬ್ಬರದೇ. ಅದರಲ್ಲಿ ಮನೆಯವರಿಗೆ ಆಯ್ಕೆಯಿಲ್ಲ. ಮರ ಬಿದ್ದು ಕರೆಂಟು ಹೋದರೆ ಮೂರೂ ಮನೆಯವರು ದೂರುವುದು ಒಂದೇ ಕಡೆಗೆ.

ಹಾಗಾದರೆ ಸರಬರಾಜು ಕಂಪನಿ ಮಾರುವುದೇನು? ಅದು ಉತ್ಪಾದಕರಿಂದ ಸಗಟಾಗಿ ವಿದ್ಯುತ್ತನ್ನು ಕೊಂಡು, ತಂತಿಯವರಿಗೆ ಬಾಡಿಗೆ ಕೊಟ್ಟು, ನಿಮ್ಮ ಹೆಸರಿಗೆ ಲೆಕ್ಕ ಬರೆದು ಬಿಲ್ಲು ಕಳಿಸುತ್ತದೆ. ಇಂತಿಷ್ಟು ಹೊತ್ತಿಗೆ ಇಂತಿಷ್ಟು ದರ ಎಂಬ ಒಪ್ಪಂದವೇ ಅದರ ಸರಕು. ಕೆರೆಗೆ ಹತ್ತು ಜನ ಹತ್ತು ಕೊಡ ನೀರು ಸುರಿದು, ಹನ್ನೊಂದನೆಯವನು ಒಂದು ಕೊಡ ಎತ್ತಿಕೊಂಡರೆ ಅದು ಯಾರು ಸುರಿದ ನೀರು ಎಂದು ಹೇಳಲಾಗದು. ವಿದ್ಯುತ್ ಜಾಲವೂ ಹಾಗೆಯೇ. ‘ನಮ್ಮದು ನೂರಕ್ಕೆ ನೂರು ಗಾಳಿ ವಿದ್ಯುತ್ತು’ ಎಂದು ಒಂದು ಕಂಪನಿ ಜಾಹೀರಾತು ಕೊಟ್ಟಾಗ, ಅದರ ಅರ್ಥ ಆ ಪ್ರಮಾಣಕ್ಕೆ ಸರಿಯಾದ ಪ್ರಮಾಣಪತ್ರಗಳು ಅದರ ಬಳಿ ಇವೆ ಎಂದಷ್ಟೆ. ನಿಮ್ಮ ಗೋಡೆಯ ಪ್ಲಗ್ಗಿಗೆ ಬರುವುದು ಪಕ್ಕದ ಮನೆಗೆ ಬರುವ ಅದೇ ಕರೆಂಟು. ಈ ಮಾತು ನೆನಪಿದ್ದರೆ ಜಾಹೀರಾತುಗಳನ್ನು ಓದುವುದು ಸುಲಭವಾಗುತ್ತದೆ.

ಈ ವ್ಯವಸ್ಥೆ ಅಲ್ಲಿಯೂ ಒಂದೇ ದಿನದಲ್ಲಿ ಬಂದದ್ದಲ್ಲ. 1990ರಲ್ಲಿ ವಿದ್ಯುತ್ ಉದ್ಯಮವನ್ನು ಖಾಸಗಿಗೆ ಒಪ್ಪಿಸಿದಾಗ, ಒಂದು ಮೆಗಾವಾಟಿಗಿಂತ ಹೆಚ್ಚು ಬೇಡಿಕೆಯಿದ್ದ ದೊಡ್ಡ ಕಾರ್ಖಾನೆಗಳಿಗೆ ಮಾತ್ರ ಕಂಪನಿಯನ್ನು ಆರಿಸುವ ಅವಕಾಶ ಸಿಕ್ಕಿತು. 1994ರಲ್ಲಿ ನೂರು ಕಿಲೋವಾಟಿನ ಮೇಲಿನವರಿಗೂ ಸಿಕ್ಕಿತು. ಸಾಮಾನ್ಯ ಮನೆಗಳಿಗೆ ದೊರೆತದ್ದು 1998 ಮತ್ತು 1999ರ ನಡುವೆ.

ಇನ್ನು ಸಮಯದ ದರದ ವಿಚಾರ. ಇದು ಕಾರಿಗಿಂತ ಹಳೆಯದು. 1978ರಲ್ಲಿಯೇ ಬ್ರಿಟನ್ನಿನಲ್ಲಿ ‘ಎಕಾನಮಿ ಸೆವೆನ್’ ಎಂಬ ದರ ಬಂತು. ರಾತ್ರಿ ಏಳು ಗಂಟೆಗಳ ಕಾಲ ಕರೆಂಟು ಅಗ್ಗ, ಉಳಿದ ಹೊತ್ತು ದುಬಾರಿ. ಕಲ್ಲಿದ್ದಲು ಮತ್ತು ಪರಮಾಣು ಸ್ಥಾವರಗಳನ್ನು ರಾತ್ರಿ ಆರಿಸಿ ಬೆಳಿಗ್ಗೆ ಹೊತ್ತಿಸುವುದು ಕಷ್ಟ. ಊರು ಮಲಗಿದಾಗ ಅವುಗಳ ಕರೆಂಟಿಗೆ ಗಿರಾಕಿ ಬೇಕಿತ್ತು. ಆದ್ದರಿಂದ ಜನ ಇಟ್ಟಿಗೆ ತುಂಬಿದ ಶಾಖದ ಪೆಟ್ಟಿಗೆಗಳನ್ನು ರಾತ್ರಿ ಕಾಯಿಸಿ, ಹಗಲೆಲ್ಲ ಅದರ ಬಿಸಿಯಿಂದ ಮನೆ ಬೆಚ್ಚಗಿಟ್ಟುಕೊಂಡರು. ಮೀಟರಿಗೆ ಹೊತ್ತು ತಿಳಿಯುತ್ತಿದ್ದುದು ಹೇಗೆ ಗೊತ್ತೇ? ಅನೇಕ ಮನೆಗಳಲ್ಲಿ ರೇಡಿಯೋ ಮೂಲಕ! ಬಿಬಿಸಿಯ ದೀರ್ಘ ತರಂಗದ ಪ್ರಸಾರದೊಳಗೇ ಕೇಳುಗರ ಕಿವಿಗೆ ಬೀಳದಂತೆ ಒಂದು ಸಂಕೇತ ಅಡಗಿರುತ್ತಿತ್ತು. ಒಬ್ಬರು ವಾರ್ತೆ ಕೇಳುತ್ತಿದ್ದರೆ ಅದೇ ಅಲೆ ಗೋಡೆಯ ಮೇಲಿನ ಸ್ವಿಚ್ಚನ್ನು ತಿರುಗಿಸುತ್ತಿತ್ತು. 2025ರ ಜೂನ್ ಕೊನೆಯಿಂದ ಈ ಸಂಕೇತವನ್ನು ಹಂತ ಹಂತವಾಗಿ ನಿಲ್ಲಿಸತೊಡಗಿದರು.

ನಮ್ಮ ಹಳ್ಳಿಗಳಿಂದ ಬಂದ ವಿದ್ಯಾರ್ಥಿಗಳಿಗೆ ಇದು ಹೊಸದೆನಿಸಲಾರದು. ಪಂಪ್‌ಸೆಟ್ಟಿಗೆ ರಾತ್ರಿ ಹೊತ್ತು ತ್ರೀ ಫೇಸ್ ಕರೆಂಟು ಕೊಡುವುದರ ಹಿಂದೆ ಇದ್ದ ಯೋಚನೆಯೂ ಇದೇ: ದೀಪ ಕಾಯಲಾರದು, ಗಿರಣಿ ಕಾಯಲಾರದು, ನೀರು ಹಾಯಿಸುವುದು ಕಾಯಬಹುದು. ಆದರೆ ಅಲ್ಲಿ ನಡುರಾತ್ರಿ ಎದ್ದು, ಟಾರ್ಚು ಹಿಡಿದು, ಹಾವು ಹುಳುವಿನ ಭಯದಲ್ಲಿ ತೋಟಕ್ಕೆ ಹೋಗಬೇಕಾದವನು ರೈತ. ಕಾರಿನ ವಿಷಯದಲ್ಲಿ ಯಾರೂ ಏಳಬೇಕಾಗಿಲ್ಲ. ಸಂಜೆ ಪ್ಲಗ್ಗು ಸಿಕ್ಕಿಸಿ ಮಲಗಿದರೆ ಗಡಿಯಾರವೇ ಉಳಿದದ್ದನ್ನು ನೋಡಿಕೊಳ್ಳುತ್ತದೆ. ಕಾರು ಸಂಜೆ ಏಳರಿಂದ ಬೆಳಿಗ್ಗೆ ಏಳರವರೆಗೆ ನಿಂತೇ ಇರುತ್ತದೆ. ಚಾರ್ಜಾಗಲು ಬೇಕಾದದ್ದು ನಾಲ್ಕೈದು ಗಂಟೆ. ಮನೆಯಲ್ಲಿ ಇಷ್ಟೊಂದು ಕರೆಂಟು ತಿನ್ನುವ, ಇಷ್ಟೊಂದು ತಾಳ್ಮೆಯಿಂದ ಕಾಯುವ ಬೇರೊಂದು ಸಲಕರಣೆ ಇಲ್ಲ. ಬ್ರಿಟನ್ನಿನ ಕಂಪನಿಗಳು ಕಾರಿನವರನ್ನು ಹುಡುಕಿಕೊಂಡು ಬರುವುದು ಇದಕ್ಕಾಗಿಯೇ.

ಈಗ ಲೆಕ್ಕಕ್ಕೆ ಬರೋಣ. ಪೆನ್ಸಿಲು ಕಾಗದ ಹತ್ತಿರವಿದ್ದರೆ ಒಳ್ಳೆಯದು. ಇಲ್ಲಿ ನಾನು ಕೊಡುವ ದರಗಳು ಉದಾಹರಣೆಗೆ ಇಟ್ಟುಕೊಂಡವು. ನಿಜವಾದ ದರ ಊರಿನಿಂದ ಊರಿಗೆ, ತಿಂಗಳಿನಿಂದ ತಿಂಗಳಿಗೆ ಬದಲಾಗುತ್ತದೆ.

ಒಂದು ಮನೆಯ ಕಾರು ವರ್ಷಕ್ಕೆ 12,000 ಕಿಲೋಮೀಟರ್ ಓಡುತ್ತದೆ ಎನ್ನಿ. ಯೂನಿಟ್ಟಿಗೆ ಆರು ಕಿಲೋಮೀಟರ್ ಎಂದರೆ 2,000 ಯೂನಿಟ್ ಬೇಕು. ಚಾರ್ಜಾಗುವಾಗ ಸ್ವಲ್ಪ ಶಾಖವಾಗಿ ಸೋರಿಹೋಗುವುದರಿಂದ ಮೀಟರಿನಲ್ಲಿ ಸುಮಾರು 2,200 ಯೂನಿಟ್ ಓಡುತ್ತದೆ. ಎಲ್ಲ ಹೊತ್ತಿಗೂ ಒಂದೇ ದರ, ಯೂನಿಟ್ಟಿಗೆ 25 ಪೆನ್ಸ್ ಇದ್ದರೆ ಕಾರಿನ ಖರ್ಚು 550 ಪೌಂಡು. ರಾತ್ರಿ 8 ಪೆನ್ಸ್ ಇರುವ ದರಕ್ಕೆ ಬದಲಾದರೆ 176 ಪೌಂಡು. ಉಳಿತಾಯ 374 ಪೌಂಡು. ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಬರುವುದು ಇಷ್ಟೇ.

ಸಣ್ಣ ಅಕ್ಷರದಲ್ಲಿ ಇರುವುದು ಹಗಲಿನ ದರ. ರಾತ್ರಿ ಅಗ್ಗವಾಗಿ ಕೊಡುವ ಕಂಪನಿ ಹಗಲಿನಲ್ಲಿ 25ರ ಬದಲು 28 ಪೆನ್ಸ್ ಕೇಳಬಹುದು. ಮನೆಯ ಉಳಿದ ಬಳಕೆ ವರ್ಷಕ್ಕೆ 2,700 ಯೂನಿಟ್ ಇದ್ದರೆ, ಮೂರು ಪೆನ್ಸಿನ ಹೆಚ್ಚಳಕ್ಕೆ 81 ಪೌಂಡು ಕೈಬಿಟ್ಟಿತು. ಆದರೂ 293 ಪೌಂಡು ಲಾಭವಿದೆ. ಫ್ರಿಜ್ಜು ರಾತ್ರಿಯೂ ಓಡುವುದರಿಂದ ನಿಜವಾದ ಲೆಕ್ಕ ಇನ್ನೂ ಸ್ವಲ್ಪ ಚೆನ್ನಾಗಿಯೇ ಬರುತ್ತದೆ. ಆದರೆ ಕಾರನ್ನು ಅಪರೂಪಕ್ಕೆ ಓಡಿಸುವ ಹಿರಿಯ ದಂಪತಿಗಳ ಮನೆಯನ್ನು ಯೋಚಿಸಿ. ವರ್ಷಕ್ಕೆ 2,600 ಕಿಲೋಮೀಟರಿಗೆ ಇಳಿದರೆ ರಾತ್ರಿ ಗಳಿಸಿದ್ದೂ ಹಗಲು ಕಳೆದದ್ದೂ ಸರಿಸಮ. ಅದಕ್ಕಿಂತ ಕಡಿಮೆ ಓಡಿದರೆ ‘ಕಾರಿನವರ ದರ’ವೇ ಅವರಿಗೆ ನಷ್ಟದ ದರ. ಇನ್ನೊಂದು ಮನೆ ಗ್ಯಾಸ್ ಬಿಟ್ಟು ವಿದ್ಯುತ್ತಿನಿಂದಲೇ ಮನೆ ಬಿಸಿಮಾಡಿಕೊಳ್ಳುತ್ತದೆ, ಹಗಲಿನ ಬಳಕೆ 7,000 ಯೂನಿಟ್ ಎನ್ನಿ. ಆಗ ಹಗಲಿನ ಹೆಚ್ಚಳವೇ 210 ಪೌಂಡು. ಆ ಮನೆಯ ಕಾರು 6,000 ಕಿಲೋಮೀಟರ್ ಮಾತ್ರ ಓಡಿದರೆ ಉಳಿತಾಯ 187. ಅಂದರೆ 23 ಪೌಂಡು ಕೈಯಿಂದಲೇ ಹೋಯಿತು. ಇದರ ಜೊತೆಗೆ ಬಳಸಿದರೂ ಬಳಸದಿದ್ದರೂ ದಿನಕ್ಕೆ ಇಷ್ಟು ಎಂದು ಕಟ್ಟುವ ಸ್ಥಿರ ಶುಲ್ಕ ಒಂದಿದೆ. ಅದನ್ನೂ ಎರಡು ಕಂಪನಿಗಳ ನಡುವೆ ಹೋಲಿಸಬೇಕು. ರಾತ್ರಿಯ ದರವೊಂದನ್ನೇ ನೋಡಿ ಕಂಪನಿ ಬದಲಿಸುವುದು, ಪೆಟ್ರೋಲಿನ ಬೆಲೆ ನೋಡದೆ ಬೈಕಿನ ಬೆಲೆ ಮಾತ್ರ ನೋಡಿದ ಹಾಗೆ.

ಮುಂದಿನ ಪ್ರಶ್ನೆ ಅಗ್ಗದ ಹೊತ್ತು ಎಷ್ಟು ಉದ್ದ ಎಂಬುದು. ಭೌತವಿಜ್ಞಾನದ ವಿದ್ಯಾರ್ಥಿಗಳು ಇದನ್ನು ತಾವೇ ಕಂಡುಕೊಳ್ಳಬಲ್ಲರು. 230 ವೋಲ್ಟಿನಲ್ಲಿ 32 ಆಂಪಿಯರ್ ಎಳೆಯುವ ಮನೆಯ ಚಾರ್ಜರಿನ ಶಕ್ತಿ ಸುಮಾರು 7.4 ಕಿಲೋವಾಟ್. ಐದು ಗಂಟೆಯಲ್ಲಿ 37 ಯೂನಿಟ್. ಸೋರಿಕೆ ಕಳೆದರೆ 200 ಕಿಲೋಮೀಟರ್ ಓಡಬಹುದು. ದಿನವೂ ಕೆಲಸಕ್ಕೆ ಹೋಗಿಬರುವವರಿಗೆ ಇದು ಬೇಕಾದದ್ದಕ್ಕಿಂತ ಹೆಚ್ಚು. ಪ್ರತ್ಯೇಕ ಚಾರ್ಜರ್ ಹಾಕಿಸದೆ ಮಾಮೂಲಿ ಪ್ಲಗ್ಗಿನಿಂದಲೇ 10 ಆಂಪಿಯರ್ ತೆಗೆದುಕೊಂಡರೆ? 2.3 ಕಿಲೋವಾಟ್, ಐದು ಗಂಟೆಗೆ ಹನ್ನೊಂದೂವರೆ ಯೂನಿಟ್, ಅರವತ್ತು ಚಿಲ್ಲರೆ ಕಿಲೋಮೀಟರ್. ಅದು ಸಾಲುವವರೂ ಇದ್ದಾರೆ. ಅಂಥವರು ಚಾರ್ಜರಿಗೆ ಸುರಿಯುವ ಹಣವನ್ನು ಉಳಿಸಿಕೊಳ್ಳಬಹುದು, ಪ್ಲಗ್ಗು ಮತ್ತು ವೈರು ಗಟ್ಟಿಯಾಗಿದ್ದರೆ.

ಇಲ್ಲಿ ಒಂದು ಕುತೂಹಲದ ಸಂಗತಿ ಇದೆ. ದೇಶದ ಕಾರುಗಳೆಲ್ಲ ಅಗ್ಗದ ದರ ಶುರುವಾಗುವ ಅದೇ ಕ್ಷಣಕ್ಕೆ ಒಟ್ಟಿಗೆ ಚಾರ್ಜಾಗತೊಡಗಿದರೆ ಏನಾದೀತು? ಒಂದು ಲಕ್ಷ ಕಾರುಗಳು ಏಳು ಕಿಲೋವಾಟಿನಂತೆ ಎಳೆದರೂ 700 ಮೆಗಾವಾಟ್ ಆಯಿತು. ಒಂದು ದೊಡ್ಡ ಸ್ಥಾವರದ ಕರೆಂಟು ಒಂದೇ ಸೆಕೆಂಡಿನಲ್ಲಿ ಬೇಕು! ಜಾಲದ ಆವರ್ತನ 50 ಹರ್ಟ್ಸಿನಿಂದ ಅಲುಗಾಡುತ್ತದೆ. ಇದನ್ನು ತಪ್ಪಿಸಲು ಬ್ರಿಟನ್ನು 2022ರ ಜೂನ್ 30ರಿಂದ ಒಂದು ನಿಯಮ ಜಾರಿಗೆ ತಂದಿತು. ಹೊಸದಾಗಿ ಮಾರುವ ಮನೆಯ ಚಾರ್ಜರುಗಳು ಹತ್ತು ನಿಮಿಷದೊಳಗೆ ಯಾವುದೋ ಒಂದು ಕ್ಷಣ, ಚೀಟಿ ಎತ್ತಿದ ಹಾಗೆ, ತಡಮಾಡಿ ಆರಂಭವಾಗಬೇಕು. ವಾರದ ದಿನಗಳ ಬೆಳಿಗ್ಗೆ ಮತ್ತು ಸಂಜೆಯ ದಟ್ಟಣೆಯ ಹೊತ್ತನ್ನು ಬಿಟ್ಟು ಚಾರ್ಜ್ ಮಾಡುವಂತೆ ಅಂಗಡಿಯಿಂದ ಬರುವಾಗಲೇ ಹೊಂದಿಸಿರಬೇಕು. ಮನೆಯವರು ಬೇಕಾದರೆ ಬದಲಿಸಿಕೊಳ್ಳಬಹುದು.

ಕೆಲವು ಕಂಪನಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿವೆ. ‘ಬೆಳಿಗ್ಗೆ ಏಳಕ್ಕೆ ಬ್ಯಾಟರಿ ಇಷ್ಟು ತುಂಬಿರಬೇಕು ಎಂದಷ್ಟೇ ಹೇಳಿ, ಯಾವಾಗ ತುಂಬಬೇಕು ಎಂಬುದನ್ನು ನಮಗೆ ಬಿಡಿ’ ಎನ್ನುತ್ತವೆ. ಗಾಳಿ ಜೋರಾಗಿ ಬೀಸಿ ಸಗಟು ಬೆಲೆ ಕುಸಿದ ಅರ್ಧ ಗಂಟೆಗಳಲ್ಲಿ ಕಂಪನಿಯೇ ದೂರದಿಂದ ನಿಮ್ಮ ಕಾರಿಗೆ ಕರೆಂಟು ಹರಿಸುತ್ತದೆ. ಪ್ರತಿಯಾಗಿ ಇನ್ನಷ್ಟು ಅಗ್ಗದ ದರ. ಅರ್ಧ ಗಂಟೆಗೊಮ್ಮೆ ಲೆಕ್ಕ ಬರೆದುಕೊಳ್ಳುವ ಸ್ಮಾರ್ಟ್ ಮೀಟರು ಇದಕ್ಕೆ ಬೇಕೇ ಬೇಕು. ನಿಮ್ಮ ಕಾರು ಅಥವಾ ಚಾರ್ಜರು ಆ ಕಂಪನಿಯ ವ್ಯವಸ್ಥೆಗೆ ಹೊಂದಬೇಕು. ನೀವು ಮನೆಯಲ್ಲಿ ಯಾವಾಗ ಇರುತ್ತೀರಿ, ಕಾರು ಎಷ್ಟು ಹೊತ್ತು ನಿಂತಿರುತ್ತದೆ ಎಂಬ ವಿವರವೂ ಕಂಪನಿಯ ಕೈಗೆ ಹೋಗುತ್ತದೆ. ಅಗ್ಗದ ಬೆಲೆಯ ಒಂದಂಶವನ್ನು ಹೀಗೆ ಬೇರೆ ರೂಪದಲ್ಲಿ ಕೊಡುತ್ತಿದ್ದೇವೆ ಎಂಬ ಎಚ್ಚರ ಕಾರಿನ ಯಜಮಾನನಿಗೆ ಇರುವುದು ಒಳ್ಳೆಯದು. ಇದನ್ನು ಬೇಡವೆನ್ನುವವರಿಗೆ ನಿಗದಿತ ಹೊತ್ತಿನ ಸರಳ ದರವೂ ದೊರೆಯುತ್ತದೆ.

ಕಂಪನಿ ಗಟ್ಟಿಯೇ ಎಂದು ನೋಡುವುದೂ ಮುಖ್ಯ. 2021ರಲ್ಲಿ ಸಗಟು ಗ್ಯಾಸಿನ ಬೆಲೆ ಏಕಾಏಕಿ ಏರಿದಾಗ, ಕಡಿಮೆ ಬೆಲೆಯ ಮಾತು ಕೊಟ್ಟು ಮುಂಗಡ ಖರೀದಿ ಮಾಡಿಟ್ಟುಕೊಳ್ಳದಿದ್ದ ಕಂಪನಿಗಳು ಸಾಲುಸಾಲಾಗಿ ಬಾಗಿಲು ಹಾಕಿದವು. ಒಂದು ವರ್ಷದ ಆಸುಪಾಸಿನಲ್ಲಿ ಮುಚ್ಚಿದವು ಸುಮಾರು ಮೂವತ್ತು. ಅವುಗಳಲ್ಲಿ ದೊಡ್ಡದಾದ ಬಲ್ಬ್ ಎಂಬ ಕಂಪನಿಗೆ ಹದಿನೈದು ಲಕ್ಷಕ್ಕೂ ಹೆಚ್ಚು ಗ್ರಾಹಕರಿದ್ದರು. ಸರ್ಕಾರದ ಹಣದಿಂದ ಅದನ್ನು ನಡೆಸಿ, 2022ರ ಡಿಸೆಂಬರಿನಲ್ಲಿ ಆಕ್ಟೋಪಸ್ ಕಂಪನಿಗೆ ಒಪ್ಪಿಸಬೇಕಾಯಿತು. ಯಾರ ಮನೆಯ ದೀಪವೂ ಆರಲಿಲ್ಲ ಎಂಬುದು ನಿಜ. ನಿಯಂತ್ರಕ ಸಂಸ್ಥೆಯಾದ ಆಫ್‌ಜೆಮ್ ಆ ಗ್ರಾಹಕರನ್ನು ಬೇರೆ ಕಂಪನಿಗಳಿಗೆ ವರ್ಗಾಯಿಸಿತು. ಮುಂಗಡವಾಗಿ ಕಟ್ಟಿದ್ದ ಹಣಕ್ಕೂ ರಕ್ಷಣೆಯಿತ್ತು. ಆದರೆ ಹಳೆಯ ಅಗ್ಗದ ದರ ಮಾತ್ರ ಕಂಪನಿಯೊಂದಿಗೇ ಹೋಯಿತು. ಈ ವರ್ಗಾವಣೆಯ ವೆಚ್ಚ ಕೊನೆಗೆ ಹಂಚಿಹೋದದ್ದು ದೇಶದ ಎಲ್ಲರ ಬಿಲ್ಲಿನ ಮೇಲೆ, ಕಾರು ಇಲ್ಲದವರ ಬಿಲ್ಲಿನ ಮೇಲೂ. ಇಂದು ಕಂಪನಿ ಬದಲಿಸುವುದು ಸುಲಭ, ಐದು ಕೆಲಸದ ದಿನಗಳೊಳಗೆ ಮುಗಿಯುತ್ತದೆ. ಆದರೂ ಅವಧಿಗೆ ಮೊದಲೇ ಬಿಟ್ಟರೆ ದಂಡ ಇದೆಯೇ ಎಂದು ಓದಿಕೊಂಡೇ ಸಹಿ ಹಾಕಬೇಕು.

ಈ ಇಡೀ ಆಯ್ಕೆಗೆ ಒಂದು ಪೂರ್ವಷರತ್ತು ಇದೆ, ಅದು ನನಗೆ ಎಲ್ಲಕ್ಕಿಂತ ಗಂಭೀರವಾಗಿ ಕಾಣುತ್ತದೆ. ಕಾರು ನಿಲ್ಲಿಸಲು ಮನೆಯ ಅಂಗಳ ಬೇಕು. ಲಂಡನ್ನಿನಲ್ಲಿ, ಮ್ಯಾಂಚೆಸ್ಟರಿನಲ್ಲಿ ಸಾಲುಮನೆಗಳಲ್ಲಿ, ಮಹಡಿ ಮನೆಗಳಲ್ಲಿ ಇರುವವರು ಕಾರನ್ನು ಬೀದಿಯಲ್ಲಿ ನಿಲ್ಲಿಸುತ್ತಾರೆ. ಅವರ ಪಾಲಿಗೆ ಎಂಟು ಪೆನ್ಸಿನ ರಾತ್ರಿಯ ದರ ಇದ್ದೂ ಇಲ್ಲದಂತೆ. ಸಾರ್ವಜನಿಕ ಚಾರ್ಜರಿನಲ್ಲಿ ಅದರ ಹಲವು ಪಟ್ಟು ಕೊಡಬೇಕು. 2024ರಲ್ಲಿ ಮನೆಯ ಕರೆಂಟಿನ ಮೇಲೆ ತೆರಿಗೆ ಶೇಕಡಾ 5 ಇದ್ದರೆ, ಸಾರ್ವಜನಿಕ ಚಾರ್ಜರಿನಲ್ಲಿ ಶೇಕಡಾ 20 ಇತ್ತು. ಅಂಗಳವಿರುವ ಶ್ರೀಮಂತನಿಗೆ ಅಗ್ಗ, ಅಂಗಳವಿಲ್ಲದ ಬಡವನಿಗೆ ದುಬಾರಿ! ಬೆಂಗಳೂರಿನ ಬಾಡಿಗೆ ಮನೆಯಲ್ಲಿ, ಸ್ಕೂಟರನ್ನು ಗೇಟಿನ ಹೊರಗೆ ನಿಲ್ಲಿಸುವವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಯದಾಗಿ, ನಮ್ಮಲ್ಲಿ ಇಂಥ ಆಯ್ಕೆ ಬಂದೀತೇ? ಮುಂಬಯಿಯ ಉಪನಗರಗಳಲ್ಲಿ ಈಗಾಗಲೇ ಎರಡು ಕಂಪನಿಗಳ ನಡುವೆ ಆರಿಸಿಕೊಳ್ಳುವ ಅವಕಾಶ ಮನೆಗಳಿಗಿದೆ. ದೇಶದ ಉಳಿದೆಡೆ, 2003ರ ವಿದ್ಯುತ್ ಕಾಯ್ದೆ ಒಂದು ಮೆಗಾವಾಟಿನ ಮೇಲಿನ ದೊಡ್ಡ ಬಳಕೆದಾರರಿಗೆ ಬೇರೆಡೆಯಿಂದ ವಿದ್ಯುತ್ ತರಿಸಿಕೊಳ್ಳುವ ದಾರಿ ತೆರೆಯಿತು. 2022ರ ನಿಯಮಗಳು ಹಸಿರು ವಿದ್ಯುತ್ತಿನ ಮಟ್ಟಿಗೆ ಆ ಮಿತಿಯನ್ನು ನೂರು ಕಿಲೋವಾಟಿಗೆ ಇಳಿಸಿದವು. ಬ್ರಿಟನ್ನಿನ 1990 ಮತ್ತು 1994ರ ಅಂಕಿಗಳು ಇವೇ ಎಂಬುದನ್ನು ನೀವು ಗಮನಿಸಿರಬಹುದು. ಮನೆಗಳ ಸರದಿ ಯಾವಾಗ ಬರುತ್ತದೆ, ಬರಬೇಕೇ ಎಂಬುದು ಚರ್ಚೆಯ ವಿಷಯ.

ಕಂಪನಿಯ ಆಯ್ಕೆ ಬರುವ ಮೊದಲೇ ಹೊತ್ತಿನ ಆಯ್ಕೆ ನಮ್ಮ ಬಾಗಿಲಿಗೆ ಬರುವಂತಿದೆ. 2023ರ ಜೂನಿನಲ್ಲಿ ಕೇಂದ್ರ ಸರ್ಕಾರ ಗ್ರಾಹಕರ ಹಕ್ಕುಗಳ ನಿಯಮಗಳನ್ನು ತಿದ್ದಿತು. ಅದರ ಪ್ರಕಾರ ಕೃಷಿಯನ್ನು ಬಿಟ್ಟು ಉಳಿದ ಗ್ರಾಹಕರಿಗೆ, ಸ್ಮಾರ್ಟ್ ಮೀಟರು ಬಂದ ಮೇಲೆ, ಹೊತ್ತಿಗೆ ತಕ್ಕ ದರ ಇರಬೇಕು. ಬಿಸಿಲಿನ ಎಂಟು ಗಂಟೆಗಳಲ್ಲಿ ದರ ಕನಿಷ್ಠ ಶೇಕಡಾ 20 ಕಡಿಮೆ, ದಟ್ಟಣೆಯ ಹೊತ್ತಿನಲ್ಲಿ ಹೆಚ್ಚು. ವಿವರಗಳನ್ನು ನಿರ್ಧರಿಸುವುದು ಆಯಾ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಿ. ಬ್ರಿಟನ್ನಿನಲ್ಲಿ ಅಗ್ಗದ ಹೊತ್ತು ನಡುರಾತ್ರಿ, ನಮ್ಮಲ್ಲಿ ನಡುಹಗಲು. ಅಲ್ಲಿ ಸಮುದ್ರದ ಗಾಳಿ ರಾತ್ರಿಯೂ ಬೀಸುತ್ತದೆ, ಊರು ಮಲಗಿರುತ್ತದೆ. ಇಲ್ಲಿ ಪಾವಗಡದ 2,050 ಮೆಗಾವಾಟಿನ ಸೌರ ಉದ್ಯಾನ ಸೂರ್ಯ ನೆತ್ತಿಗೆ ಬಂದಾಗ ತುಂಬಿ ಹರಿದು, ಮನೆಮನೆಯ ದೀಪ ಹತ್ತುವ ಹೊತ್ತಿಗೆ ಸುಮ್ಮನಾಗುತ್ತದೆ. ಸಂಜೆ ಮನೆಗೆ ಬಂದು ಪ್ಲಗ್ಗು ಸಿಕ್ಕಿಸುವ ಅಭ್ಯಾಸವನ್ನು ಬ್ರಿಟನ್ನಿನಿಂದ ಹಾಗೆಯೇ ಎತ್ತಿ ತಂದರೆ ನಮಗೆ ಹೊಂದದು. ಹಗಲು ಹನ್ನೆರಡಕ್ಕೆ ನಮ್ಮ ಕಾರು, ಸ್ಕೂಟರುಗಳು ಮನೆಯಲ್ಲಿ ಇರುವುದಿಲ್ಲ. ಕಚೇರಿ, ಕಾರ್ಖಾನೆ, ಕಾಲೇಜುಗಳ ನೆರಳಿನಲ್ಲಿ ನಿಂತಿರುತ್ತವೆ. ಅಗ್ಗದ ಕರೆಂಟು ಅವಕ್ಕೆ ಸಿಗಬೇಕಾದರೆ ಪ್ಲಗ್ಗು ಬೇಕಾದದ್ದು ಅಲ್ಲಿ. ನಿಮ್ಮ ಕಾಲೇಜಿನ ವಾಹನ ನಿಲ್ದಾಣದಲ್ಲಿ ಅಂಥ ಪ್ಲಗ್ಗು ಎಷ್ಟಿವೆ, ಅದರ ಮೀಟರು ಯಾವ ದರದಲ್ಲಿ ಓಡುತ್ತದೆ, ಕಾಲೇಜಿನ ಮಂಜೂರಾದ ಲೋಡಿನಲ್ಲಿ ಒಮ್ಮೆಗೆ ಎಷ್ಟು ವಾಹನ ಚಾರ್ಜಾಗಬಹುದು ಎಂದು ನಾಲ್ಕು ಜನ ಸೇರಿ ಒಂದು ಮಧ್ಯಾಹ್ನ ಲೆಕ್ಕ ಹಾಕಿ ನೋಡಿ. ಸ್ಕೂಟರಿಗೆ ಮೂರು ಯೂನಿಟ್, ಕಾರಿಗೆ ನಲವತ್ತು ಎಂದು ಇಟ್ಟುಕೊಂಡರೆ ಸಾಕು.